ಹುಲ್ಲೇನಕೊಪ್ಪಲಿನ ಏಕೈಕ ಮೂಲನಿವಾಸಿ

ಸಾಲಗಾಮೆ ಹೋಬಳಿಯ ಹುಲ್ಲೇನಕೊಪ್ಪಲಿನಲ್ಲಿ ಹೊರಗಿನವರು ಯಾರೂ ವಾಸಿಸತಕ್ಕದ್ದಲ್ಲ ಎಂಬ ನಿರ್ಣಯವನ್ನು ನಮ್ಮ ಗ್ರಾಮರಕ್ಷಣಾ ಸಮಿತಿಯು ಬೋಂಡಾ ಕಾಫಿಯ ನಂತರ ಸರ್ವಾನುಮತದಿಂದ ಅಂಗೀಕರಿಸಿತು. ಸಮಿತಿಯ ಕಾರ್ಯದರ್ಶಿಯೂ ನಿವೃತ್ತ ಮುಖ್ಯೋಪಾಧ್ಯಾಯನೂ ಆದ ತಿರುನಾರಾಯಣನೆಂಬ ನಾನು ಇದನ್ನು ದೇವಸ್ಥಾನದ ಮೈಕಿನಲ್ಲಿ ಓದಿ ಹೇಳಿದೆ.

ಹೊರಗಿನವರೆಂದರೆ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅಧ್ಯಕ್ಷ ಕಾಂತರಾಜು ಅವರ ಆಲೂಗಡ್ಡೆ ಹೊಲದ ತಗಡಿನ ಶೆಡ್ಡಿನಲ್ಲಿದ್ದ ಸುಕ್ರಾ ಮತ್ತು ಅವನ ಹೆಂಡತಿ ಫೂಲ್‌ಮಣಿ. ಅಸ್ಸಾಮಿನವರು. ಅರ್ಧ ಊರು ಅವನನ್ನು ಬಿಹಾರಿ ಎನ್ನುತ್ತಿತ್ತು, ಇನ್ನರ್ಧ ನೇಪಾಳಿ ಎನ್ನುತ್ತಿತ್ತು. ಹೆಸರು ಕೇಳುವಷ್ಟು ಪುರಸೊತ್ತು ಯಾರಿಗಿದೆ? ಗಡ್ಡೆ ಕಿತ್ತು, ಮೂಟೆ ಕಟ್ಟಿ, ಲಾರಿಗೆ ಹೇರುವತನಕ ಅವನಿಂದ ಊರಿನ ಸಂಸ್ಕೃತಿಗೆ ಯಾವ ಅಪಾಯವೂ ಇರಲಿಲ್ಲ. ಲಾರಿ ಹೋದ ಮೇಲೆ ಅಪಾಯ ಎದ್ದು ಕಂಡಿತು. ಫೂಲ್‌ಮಣಿಗೆ ದಿನ ತುಂಬಿತ್ತು. ಹೆರಿಗೆಯಾಗಿ ಮಗು ಕಣ್ಣು ಬಿಡುವವರೆಗಾದರೂ ಇರುತ್ತೇವೆಂದು ಸುಕ್ರಾ ಕೈಮುಗಿದ. ನಿಯಮವೆಂಬುದು ಬಸುರಿ ಬಾಣಂತಿ ಅಂತ ನೋಡುವುದಿಲ್ಲಪ್ಪ ಎಂದು ನಾನು ಸೌಮ್ಯವಾಗಿಯೇ ತಿಳಿಸಿದೆ.

ಆಗ ಅವನು ಆಧಾರ್ ಕಾರ್ಡು ತೆಗೆದ. ಹಾಳಾದ್ದು, ಥೇಟ್ ನಮ್ಮದರ ಹಾಗೇ ಇತ್ತು. ಫೋಟೋ ಕೂಡ ನಮ್ಮದರಷ್ಟೇ ಕೆಟ್ಟದಾಗಿ ಬಂದಿತ್ತು. ಸಮಿತಿ ತಬ್ಬಿಬ್ಬಾಯಿತು. ದಾರಿ ತೋರಿಸಿದವರು ಅಧ್ಯಕ್ಷರೇ.

"ಕಾರ್ಡ ಯಾವನ್ ಬೇಕಾದ್ರೂ ಮಾಡುಸ್ಕತಾನೆ ಮೇಷ್ಟ್ರೇ. ಮನೆದೇವ್ರ ವಿಸ್ಯದಲ್ಲಿ ಯಾವನಾದ್ರೂ ಸುಳ್ಳೇಳಕ್ಕಾಯ್ತದಾ? ಕಣ್ಣೋಯ್ತವೆ."

ಮಾತು ನೂರಕ್ಕೆ ನೂರು ಸರಿ ಎನಿಸಿತು. ಯಾರ ಮನೆದೇವರು ಈ ಊರಿನಲ್ಲಿದೆಯೋ ಅವರು ಮೂಲನಿವಾಸಿಗಳು, ಉಳಿದವರು ಹೊರಗಿನವರು, ಹೊರಗಿನವರು ಊರು ಬಿಡತಕ್ಕದ್ದು ಎಂದು ತಿದ್ದುಪಡಿಯಾಯಿತು. ಅರಳಿಕಟ್ಟೆಯಲ್ಲಿ ಊರು ಸೇರಿತು. ಆದರೆ ಅಧ್ಯಕ್ಷರ ಸ್ವಂತ ಸೋದರತ್ತೆ ಪುಟ್ಟತಾಯಮ್ಮ ಎಲೆಯಡಿಕೆ ಜಗಿಯುತ್ತ ಬಾಯಿ ಬಿಟ್ಟರು.

"ಅಲ್ಲ ಕಣ್ಲಾ ಕಾಂತರಾಜ, ನಮ್ ಮನೆದೇವ್ರು ಚುಂಚನಗಿರಿ ಬೈರ ಅಲ್ವೇನ್ಲಾ? ವರ್ಸಾ ವರ್ಸಾ ಟೆಂಪೋ ಮಾಡ್ಕಂಡು ಓಗದೆಲ್ಲಿಗ್ಲಾ ಮತ್ತೆ?"

ಊರ ಮಾರಮ್ಮನನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ಯಾರೋ ಕೇಳಿದರು. ಅವಳು ಊರಿಗೆ ದೇವರು, ಮನೆಗಲ್ಲ ಎಂದು ಮುದುಕಿ ಅದಕ್ಕೂ ಕಲ್ಲು ಹಾಕಿದರು. ವಿಚಾರಣೆ ನಡೆಯಿತು. ಕೆಂಪಣ್ಣನವರದು ನಂಜನಗೂಡು, ದ್ಯಾವಯ್ಯನವರದು ಮಾದಪ್ಪನ ಬೆಟ್ಟ, ಅಂಗಡಿ ಮೋಹನ್‌ಕುಮಾರನದು ತಿರುಪತಿ. ನನ್ನದು ಮೇಲುಕೋಟೆ, ನನ್ನ ಸರದಿ ಬಂದಾಗ ನಾನು ಅರಳಿಮರದ ಎಲೆಗಳನ್ನು ನೋಡುತ್ತಿದ್ದೆ. ಇಡೀ ಊರೇ ಹೊರಗಿನದಾಯಿತು.

ಶಾಸ್ತ್ರಕ್ಕೆಂದು ಸುಕ್ರಾನನ್ನೂ ಕೇಳಲಾಯಿತು. ಅವನ ಮುತ್ತಜ್ಜನ ಊರು ರಾಂಚಿ ಕಡೆಯ ಕಾಡಂತೆ. ಬಿಳಿಯರ ಟೀ ತೋಟಕ್ಕೆ ಆಳು ಬೇಕಾಗಿ, ಏಜೆಂಟರು ಹೆಬ್ಬೆಟ್ಟು ಒತ್ತಿಸಿಕೊಂಡು ಆ ಮುತ್ತಜ್ಜನನ್ನು ಅಸ್ಸಾಮಿಗೆ ಸಾಗಿಸಿದರಂತೆ. ದೇವರು ಕಾಡಲ್ಲೇ ಉಳಿಯಿತು. ಅಸ್ಸಾಮಿನಲ್ಲಿ ಮರದಡಿ ಹೊಸ ಕಲ್ಲು ನೆಟ್ಟರು. ತಲೆಮಾರು ಕಳೆದರೂ ಅಲ್ಲಿಯೂ ಇವರನ್ನು ಹೊರಗಿನವರೆಂದೇ ಕರೆದರಂತೆ. ಹಡಗಿನಲ್ಲಿ ಆಲೂಗಡ್ಡೆ ತಂದವರೂ ಬಿಳಿಯರೇ. ಅದನ್ನು ಮಾತ್ರ ನಾವು ಹಾಸನದ ಆಲೂಗಡ್ಡೆ ಎಂದು ಹೆಮ್ಮೆಯಿಂದ ಕರೆಯುತ್ತೇವೆ.

"ಈಗ ನಿನ್ನ ಮನೆದೇವರು ಎಲ್ಲಿ?" ಎಂದೆ.

"ಇಲ್ಲೇ ಸಾ. ಹೊಂಗೆ ಮರದ ಕೆಳಗೆ. ಬಂದಾಗ್ಲೇ ಇಟ್ವಿ."

ಹೋಗಿ ನೋಡಿದೆವು. ಶೆಡ್ಡಿನ ಹಿಂದೆ, ಸಿಂಧೂರ ಹಚ್ಚಿದ ಕಲ್ಲು, ಎರಡು ದಾಸವಾಳ. ನಿಯಮ ನಿಯಮವೇ. ಸುಕ್ರಾನನ್ನು ಹುಲ್ಲೇನಕೊಪ್ಪಲಿನ ಏಕೈಕ ಮೂಲನಿವಾಸಿ ಎಂದು ಘೋಷಿಸಿ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಲಾಯಿತು. ಹೊರಗಿನವರು ಇರಬೇಕಾದರೆ ಮೂಲನಿವಾಸಿಯ ಒಪ್ಪಿಗೆ ಸಾಕು ಎಂದು ಅಲ್ಲೇ ತಿದ್ದುಪಡಿ ಮಾಡಿದೆವು. ಇರಿ ಸಾ ಎಂದ, ಪಾಪ. ನಾವೆಲ್ಲ ಉಳಿದೆವು.

ಇದರ ಬೆನ್ನಿಗೇ ಇನ್ನೊಂದು ಸಂಗತಿ ಕಾಂತರಾಜು ಅವರ ನೆನಪಿಗೆ ಬಂತು. ವಲಸೆ ಕಾರ್ಮಿಕರಿಗೆಂದು ಸರ್ಕಾರ ಊರಾಚೆ ಕಟ್ಟಿಸಿದ ಆರ್‌ಸಿಸಿ ಮನೆಗಳಿಗೆ ನಾವೇ ಬೀಗ ಹಾಕಿಸಿದ್ದೆವು. ಈಗ ನಾವು ಹೊರಗಿನವರೆಂದು ಸಾಬೀತಾದ ಮೇಲೆ ಹಕ್ಕು ಬಿಡುವುದುಂಟೇ? ಒಂದರಲ್ಲಿ ಅಧ್ಯಕ್ಷರ ಹಸು, ಒಂದರಲ್ಲಿ ಮೋಹನ್‌ಕುಮಾರನ ಗೊಬ್ಬರದ ಚೀಲ, ಒಂದರಲ್ಲಿ ನನ್ನ ಹಳೇ ಪುಸ್ತಕ. ತಗಡು ಸೋರುತ್ತಿದೆ, ಹೆರಿಗೆಗೆ ಒಂದು ಕೋಣೆ ಕೊಡಿ ಎಂದು ಸುಕ್ರಾ ಬಂದ. ಮೂಲನಿವಾಸಿಗಳು ಈ ಯೋಜನೆಗೆ ಅರ್ಹರಲ್ಲವೆಂದು ವಿಷಾದದಿಂದ ತಿಳಿಸಿದೆ. ಮೂಲನಿವಾಸಿಯನ್ನು ಶೆಡ್ಡಿನಲ್ಲಿಡುವುದು ಊರಿಗೇ ಅವಮಾನವೆಂದು ಅಧ್ಯಕ್ಷರು ಅದನ್ನೂ ಖಾಲಿ ಮಾಡಿಸಿದರು.

ಅವನು ಪೇಟವನ್ನು ಅಧ್ಯಕ್ಷರ ಮನೆ ಜಗಲಿಯ ಮೇಲಿಟ್ಟು, ಗಂಟುಮೂಟೆ ಕಟ್ಟಿ, ಕಲ್ಲಿಗೆ ಕೈ ಹಾಕಿದ. ಊರಿನ ಇದ್ದೊಂದು ಮನೆದೇವರೂ ಹೋದರೆ ಊರಿನ ಗತಿ? ಅದನ್ನು ಬಿಟ್ಟು ಹೋಗಬೇಕೆಂದು ಸಮಿತಿ ವಿನಂತಿಸಿತು. ಸುಕ್ರಾ ನನ್ನ ಮುಖ ನೋಡಿದ.

"ನಮ್ ಕಡೆಯವರು ಯಾವಾಗ್ಲೂ ಬಿಟ್ಟೇ ಹೋಗೋದು ಸಾ. ನೀರು ಹಾಕಿ" ಎಂದ.

ಅಂದಿನಿಂದ ಆ ಕಲ್ಲು ಊರಿನ ಎಲ್ಲರ ಮನೆದೇವರು, ಎಲ್ಲರೂ ಮೂಲನಿವಾಸಿಗಳು. ಆರ್‌ಸಿಸಿ ಮನೆಗಳು ನಾವು ಹೊರಗಿನವರಾಗಿದ್ದಾಗ ದಕ್ಕಿದವಾದ್ದರಿಂದ ಹಿಂದಿರುಗಿಸುವ ಪ್ರಶ್ನೆ ಬರಲಿಲ್ಲ. ಕಲ್ಲಿಗೆ ಟೈಲ್ಸ್ ಹಾಕಿಸಿ, ಕಬ್ಬಿಣದ ಗೇಟು ಕೂರಿಸಿ, ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬೋರ್ಡು ಬರೆಸಿದೆವು. ಅಕ್ಷರ ನನ್ನದೇ.

ಮರುವರ್ಷ ಗಡ್ಡೆ ಕೀಳಲು ಸುಕ್ರಾ ಮತ್ತೆ ಬಂದ. ಫೂಲ್‌ಮಣಿಯ ಕಂಕುಳಲ್ಲಿ ಕೂಸಿತ್ತು. ಯಾವುದೋ ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿತಂತೆ. ಮೂವರೂ ಗೇಟಿನ ಹೊರಗೆ ನಿಂತು ಕೈಮುಗಿದರು. ಬೋರ್ಡು ಅವನಿಗೆ ಓದಲು ಬರುವುದಿಲ್ಲವಾದ್ದರಿಂದ ನಾನೇ ಓದಿ ಹೇಳಿದೆ. ಆಯ್ತು ಸಾ ಎಂದ. ಸರಳಿನ ಸಂದಿಯಿಂದ ಕೂಸಿಗೆ ಒಂದು ಚೂರು ಕೊಬ್ಬರಿ ಪ್ರಸಾದ ಕೊಟ್ಟೆ.