ಉಕ್ಕಿನಣ್ಣನ ಜೋಗುಳ

ಜೋಗುಳ ಹಾಡುವ ಮುನ್ನ ಅದರ ಕರ್ತೃವಿನ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸತಕ್ಕದ್ದು ಎಂಬ ನಿಯಮ ಈಗ ಈ ಅಜ್ಜಿಯ ಮನೆಯ ತೊಟ್ಟಿಲಿಗೂ ಅನ್ವಯಿಸುತ್ತದೆ. ಕರ್ತೃ ಉಕ್ಕಿನಣ್ಣ. ಮುಖ್ಯ ರಸ್ತೆಯಲ್ಲಿ ಜಿಮ್ ನಡೆಸುವ, ಕತ್ತೇ ಕಾಣದಷ್ಟು ಭುಜ ಬೆಳೆಸಿದ ಆಸಾಮಿ.

ಹಾಡು ಕಟ್ಟಿದ್ದು ಮಾತ್ರ ಅಜ್ಜಿ. ಮಗಳು ಹಸುಗೂಸಾಗಿದ್ದಾಗ ಅತ್ತು ಅತ್ತು ಬೀದಿಯನ್ನೆಲ್ಲ ಒಂದು ಮಾಡುತ್ತಿದ್ದಳಲ್ಲ, ಆಗ ಬಾಯಿಗೆ ಬಂದದ್ದು: ‘ನಿದ್ದೆಮ್ಮ ಬಾರೆ, ಚಪ್ಪಲಿ ಹೊರಗೆ ಬಿಟ್ಟು ಬಾರೆ.’ ಈಗ ಮೊಮ್ಮಗಳೂ ಅದಕ್ಕೇ ಕಣ್ಣು ಮುಚ್ಚುತ್ತಿದ್ದಳು. ಅಜ್ಜಿಗೆ ತನ್ನದು ಅಂತ ಇದ್ದದ್ದು ಅದೊಂದೇ, ಹೆಮ್ಮೆಯೂ ಅದರ ಮೇಲೇ. ಅಳಿಯ ಅದನ್ನು ಫೋನಿನಲ್ಲಿ ಹಿಡಿದು, ಚೆನ್ನಾಗಿದೆಯೆಂದು ತಾನು ಹೋಗುವ ಆ ಜಿಮ್ಮಿನ ಗುಂಪಿಗೆ ಕಳಿಸಿದ. ಉಕ್ಕಿನಣ್ಣ ತಾನು ಕಬ್ಬಿಣ ಎತ್ತುವ ವಿಡಿಯೊಗೆ ಅದನ್ನು ಅಂಟಿಸಿ, ‘ನನ್ನ ಹೊಸ ಹಾಡು’ ಎಂದು ಲೋಕಕ್ಕೆ ಬಿಟ್ಟ. ಲೋಕ ಮೆಚ್ಚಿತು. ಆಮೇಲೆ ಮಗಳು ಅದೇ ಹಾಡನ್ನು ಅಮ್ಮನ ಹೆಸರಿನಲ್ಲಿ ಹಾಕಿದರೆ, ಕದ್ದ ಕೃತಿಯೆಂದು ತೆಗೆದುಹಾಕಲಾಯಿತು.

ಅಜ್ಜಿಗೆ ಹೊಟ್ಟೆ ಉರಿದುಹೋಯಿತು. ಅಳಿಯನನ್ನು ಎಳೆದುಕೊಂಡು ಕೃತಿಗೌರವ ಸಂರಕ್ಷಣಾ ಕಚೇರಿಗೆ ಹೋದಳು. ಗೋಡೆಯ ಮೇಲೆ ‘ಪರರ ಕೃತಿಗೆ ಅವರ ಹೆಸರು ಹಾಕಿ’ ಎಂಬ ಸುಂದರ ಚಿತ್ರವಿತ್ತು. ಬರೆದವರ ಸಹಿ ಇದ್ದ ಮೂಲೆಯನ್ನು ಕತ್ತರಿಸಿದ್ದರು, ಚೌಕಟ್ಟಿಗೆ ಹಿಡಿಸುತ್ತಿರಲಿಲ್ಲವಂತೆ.

“ಮೊದಲು ಎಲ್ಲಿ ಪ್ರಕಟ ಮಾಡಿದ್ರಿ ಅಜ್ಜಿ?” ಎಂದು ಅಧಿಕಾರಿ ವಿನಯದಿಂದ ಕೇಳಿದರು.

“ತೊಟ್ಟಿಲ ಹತ್ರ.”

“ತೊಟ್ಟಿಲು ಮಾನ್ಯತೆ ಪಡೆದ ವೇದಿಕೆ ಅಲ್ಲ. ಕೇಳಿದವರು ಯಾರಾದ್ರೂ ಇದಾರಾ?”

“ಇಲ್ದೆ ಏನು? ಮಗಳು, ಮೊಮ್ಮಗಳು! ನಾನು ಬಾಯಿ ತೆಗೆದ್ರೆ ಸಾಕು, ಗೊರಕೆ ಹೊಡೀತಿದ್ರು.”

“ಅಂದ್ರೆ ಇಬ್ರೂ ನಿದ್ದೆಯಲ್ಲಿದ್ರು. ಅಂಥ ಸಾಕ್ಷಿ ನಡೆಯಲ್ಲ.”

“ಅಲ್ಲಯ್ಯಾ, ಅದು ಹೆಂಗಸಿನ ದನಿ! ಆ ಗೂಳಿ ಗಂಟಲಿಗೆ ಅದು ಎಲ್ಲಿಂದ ಬರ್ಬೇಕು?”

“ದನಿ ಯಾರದಾದ್ರೂ ಇರ್ಲಿ. ಖಾತೆ ಯಾರದು ಅನ್ನೋದು ಮುಖ್ಯ.”

ಅಳಿಯ ತಲೆಯೆತ್ತಿ ಫ್ಯಾನು ತಿರುಗುವುದನ್ನು ನೋಡುತ್ತ ಕೂತ.

ಉಕ್ಕಿನಣ್ಣನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಪಾಪ. “ಹಾಡ್ಕೊಳ್ಳಿ ಬಿಡಿ ಸಾರ್, ವಯಸ್ಸಾದೋರು” ಎಂದು ಮನೆಯೊಳಗಿನ ಬಳಕೆಗೆ ಅನುಮತಿ ಕೊಟ್ಟ. ಪ್ರತಿ ಸಲ ಮೊದಲು ‘ಕೃಪೆ, ಉಕ್ಕಿನಣ್ಣ’ ಎಂದು ಹೇಳಬೇಕು, ಅಷ್ಟೇ. ಅಧಿಕಾರಿ ಇನ್ನೊಂದು ಸೇರಿಸಿದರು: ವಿಡಿಯೊದಲ್ಲಿ ಚಪ್ಪಲಿಯ ಸಾಲಾದ ಮೇಲೆ ಒಂದು ಕೆಮ್ಮಿದೆ, ಮೂಲಕೃತಿಯನ್ನು ತಿರುಚುವಂತಿಲ್ಲವಾದ್ದರಿಂದ ಅಲ್ಲಿ ಕೆಮ್ಮತಕ್ಕದ್ದು.

“ಅವತ್ತು ನೆಗಡಿಯಾಗಿತ್ತು ಕಣಯ್ಯಾ!”

“ಕರ್ತೃಗಳಿಗೆ ಆಗಿತ್ತಾ?” ಎಂದು ಅಧಿಕಾರಿ ಆ ಕಡೆ ತಿರುಗಿದರು.

ಉಕ್ಕಿನಣ್ಣ ಸ್ವಲ್ಪ ಯೋಚಿಸಿ, ಆಗಿತ್ತು ಎಂದ.

ಮನೆಯವರು ಬುದ್ಧಿ ಹೇಳಿದರು. “ಹೆಸರು ತಾನೇ ಅಮ್ಮ, ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದಳು ಮಗಳು. ಅಜ್ಜಿ ಹಲ್ಲು ಕಚ್ಚಿಕೊಂಡು ಹೆಸರು ಹೇಳಿದಳು, ಹಾಡಿದಳು, ಕೆಮ್ಮಿದಳು. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಮನೆಯಲ್ಲಿ ಮಗು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅಜ್ಜಿ ಕಿಟಕಿ ಮುಚ್ಚಿ, ಹೆಸರೂ ಇಲ್ಲದೆ ಕೆಮ್ಮೂ ಇಲ್ಲದೆ, ತನ್ನ ಹಾಡನ್ನು ತನ್ನದೇ ಅಂತ ಹಾಡಿದಳು. ಮಗು ಸೂರು ಹಾರಿಹೋಗುವ ಹಾಗೆ ಕಿರುಚಿತು. ತಟ್ಟಿದರೂ ಇಲ್ಲ, ಎತ್ತಿಕೊಂಡರೂ ಇಲ್ಲ. ಕೊನೆಗೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿದಳು: “ಅಜ್ಜೀ, ಆ ಹೆಸರೊಂದು ಹೇಳ್ಬಿಡಿ, ಪುಣ್ಯ ಬರುತ್ತೆ!”

“ಕೃಪೆ, ಉಕ್ಕಿನಣ್ಣ” ಎಂದಳು ಅಜ್ಜಿ. ಮಗು ತಟ್ಟನೆ ನಿದ್ದೆ ಹೋಯಿತು.

ಅಂದಿನಿಂದ ಹಾಡಿನ ಅಗತ್ಯವೇ ಬಿದ್ದಿಲ್ಲ. ಹೆಸರು ಹೇಳಿದರೆ ಸಾಕು. ಎಷ್ಟು ಸಲೀಸಾಯಿತು ಅಂತ ಮಗಳಿಗೂ ಅಳಿಯನಿಗೂ ಸಂತೋಷ. ಕಚೇರಿಯವರು ಬಂದು ಇದನ್ನು ಮಾದರಿ ಮನೆಯೆಂದು ಘೋಷಿಸಿ ಹೋದರು. ಅಜ್ಜಿ ಮಾತ್ರ ಮಗು ಮಲಗಿದ ಮೇಲೂ ತೊಟ್ಟಿಲ ಪಕ್ಕ ಕೂತು ತುಟಿ ಅಲುಗಿಸುತ್ತಾಳೆ, ದನಿ ಹೊರಡಿಸುವುದಿಲ್ಲ. ಚಪ್ಪಲಿಯ ಸಾಲು ಮುಗಿದ ಮೇಲೆ ಒಮ್ಮೆ ಕೆಮ್ಮಿ ಏಳುತ್ತಾಳೆ.