ಬೀಳುತ್ತಲೇ ಇರುವ ಉಪಗ್ರಹ ಮತ್ತು ನಮ್ಮ ಅತ್ತೆ

ಓದಿದವರಿಗೆ ಒಂದು ಅನುಕೂಲವಿದೆ. ‘ನನಗೆ ಗೊತ್ತಿಲ್ಲ’ ಎಂದು ಆರಾಮಾಗಿ ಹೇಳಿಬಿಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟ ನನ್ನಂಥವನು ಹಾಗೆಂದರೆ ‘ಪಾಪ, ಓದಿಲ್ಲ’ ಎಂದು ತಲೆಯಾಡಿಸುತ್ತಾರೆ. ಆದ್ದರಿಂದ ಆ ಮಾತನ್ನು ನಾನು ಬಳಸುವುದೇ ಇಲ್ಲ. ಕಲಬುರಗಿಯಲ್ಲಿ, ಸುತ್ತಲಿನ ಊರುಗಳಲ್ಲಿ ಮಾಳಿಗೆಗಳ ಮೇಲೆ ಟಿ.ವಿ. ಡಿಶ್ ಕೂರಿಸುವುದು ನನ್ನ ಕಸುಬು. ನೆಹರು ಗಂಜಿನಿಂದ ಸೇಡಂ ರಸ್ತೆಯವರೆಗೆ ನಾನು ಹತ್ತದ ಮಾಳಿಗೆ ಕಡಿಮೆ. ದಕ್ಷಿಣಕ್ಕೆ ಮುಖ ಮಾಡಿಸಿ, ತುಸು ಎಡಕ್ಕೆ ವಾಲಿಸಿ ನಟ್ಟು ಬಿಗಿದರೆ ಚಿತ್ರ ಬರಲೇಬೇಕು. ಉಪಗ್ರಹ ಅಲ್ಲಿ ನಿಂತಿದೆ, ಅಷ್ಟೆ. ಅದು ಹೇಗೆ ನಿಂತಿದೆ ಎಂದು ಯಾವ ಗಿರಾಕಿಯೂ ಕೇಳಿರಲಿಲ್ಲ.

ಕೇಳಿದವಳು ಪಿಯುಸಿ ಓದುವ ಮಗಳು. ನಾನು ಕೆಮ್ಮುವುದನ್ನು ಕಂಡು ಉತ್ತರವನ್ನೂ ಅವಳೇ ಕೊಟ್ಟಳು: “ಅಪ್ಪಾ, ಅದು ನಿಂತಿಲ್ಲ, ಬೀಳಾಕತ್ತದ.” ಮಾಳಿಗೆಯಿಂದ ಕಲ್ಲನ್ನು ಮೆಲ್ಲಗೆ ಎಸೆದರೆ ಹತ್ತಿರ ಬೀಳುತ್ತದೆ, ಜೋರಾಗಿ ಎಸೆದರೆ ದೂರ. ಗಾಳಿಯೂ ಅಡ್ಡ ಬಾರದ ಎತ್ತರದಿಂದ ತಕ್ಕಷ್ಟು ರಭಸವಾಗಿ ಎಸೆದರೆ, ಕಲ್ಲು ಬಾಗಿದಷ್ಟೇ ದುಂಡಗಿನ ಭೂಮಿಯೂ ಕೆಳಗೆ ಬಾಗುತ್ತ ಹೋಗುತ್ತದೆ. ಕಲ್ಲು ಬೀಳುತ್ತಲೇ ಇರುತ್ತದೆ, ನೆಲ ಸಿಗುವುದಿಲ್ಲ. ಭೂಮಿ ಎಳೆಯುವುದನ್ನು ನಿಲ್ಲಿಸಿದರೆ ಅದು ನೆಟ್ಟಗೆ ಎತ್ತಲೋ ಹೊರಟುಹೋಗುತ್ತದಂತೆ. ನಮ್ಮ ಡಿಶ್ಶಿನ ಉಪಗ್ರಹ, ಭೂಮಿ ತಾನು ಒಮ್ಮೆ ತಿರುಗುವಷ್ಟರಲ್ಲಿ ಅದರ ಸುತ್ತ ಒಂದು ಸುತ್ತು ಹಾಕುವುದರಿಂದ ನಮಗೆ ನಿಂತಂತೆ ಕಾಣುತ್ತದೆ. ಇಷ್ಟು ವರ್ಷ ಬೀಳುವ ವಸ್ತುವಿಗೆ ಗುರಿಯಿಟ್ಟಿದ್ದೇನಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಇನ್ನೊಮ್ಮೆ ಹೇಳಿಸಿಕೊಂಡು ಬಾಯಿಪಾಠ ಮಾಡಿದೆ.

ಅತ್ತೆಯ ಊರು ಕಲಬುರಗಿ ಹತ್ತಿರದ ಕಮಲಾಪುರ. ಹಿರಿಯ ಅಳಿಯ, ಅಂದರೆ ನನ್ನ ಷಡ್ಡಕ, ಪದವೀಧರ. ಅತ್ತೆಗೆ ದೊಡ್ಡ ಟಿ.ವಿ. ತಂದುಕೊಟ್ಟಿದ್ದ. ಡಿಶ್ ನನ್ನ ಪಾಲಿನದು. ಅವನ ಪೆಟ್ಟಿಗೆಗೆ ನನ್ನಿಂದಲೇ ಜೀವ ಬರಬೇಕು ಎಂಬ ಸುಖದಲ್ಲಿ ಮಾಳಿಗೆ ಹತ್ತಿದೆ. ಅತ್ತೆ ಅಂಗಳದಿಂದ ಕೇಳಿದರು: “ಅಳಿಯಪ್ಪಾ, ಮ್ಯಾಲಿನ ಆ ಉಪಗ್ರಹ ನಮ್ಮ ಮನಿ ಕಡೀಗೇ ಮಾರಿ ಮಾಡ್ಯದಲ್ರಿ, ಬೀಳಂಗಿಲ್ಲೇನ್ರಿ?”

‘ಇಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಗೊತ್ತಿತ್ತಲ್ಲ! “ಬೀಳಾಕತ್ತದ್ರಿ ಅತ್ತಿ. ಹಗಲಿ ರಾತ್ರಿ ಬೀಳೋದೇ ಅದರ ಕೆಲಸ” ಎಂದೆ.

“ಅಯ್ಯ! ಬೀಳೋದಕ್ಕ ಇಲ್ಲಿಂದ ದಾರಿ ಬ್ಯಾರೆ ತೋರಸಾಕತ್ತೀರಿ? ಬಿಚ್ರಿ ಅದನ್ನ!”

ಕಲ್ಲು, ಮಾಳಿಗೆ, ದುಂಡು ಭೂಮಿ, ಎಲ್ಲ ಹೇಳಿದೆ. ಅತ್ತೆ ಒಂದಿಷ್ಟು ಸಡಿಲಾದರು. “ಹಂಗಾದ್ರ ಎದುರಿನ ಮನಿ ಕಡೆ ತಿರುಗಿಸ್ರಿ. ಅವರದು ಸ್ಲ್ಯಾಬಿನ ಮನಿ, ತಡಕೋತದ.”

“ಅತ್ತ ತಿರುಗಿಸಿದ್ರ ಚಿತ್ರ ಬರಂಗಿಲ್ರಿ.”

“ಚಿತ್ರ ಹೋದ್ರ ಹೋಗ್ಲಿ. ತಡೀರಿ, ಹಿರಿ ಅಳಿಯಗ ಫೋನ್ ಹಚ್ಚಿ ಕೇಳ್ತೀನಿ.”

ನಟ್ಟು ಬಿಗಿಯುವುದನ್ನು ಬಿಟ್ಟು ಮಾಳಿಗೆಯ ಅಂಚಿಗೆ ಬಂದೆ. ನನ್ನ ಕಸುಬಿನಲ್ಲಿ ಅವನನ್ನು ಕೇಳುವುದೆಂದರೆ! ಆ ಡಿಶ್ ಜೊತೆ ನಾನೂ ಕೆಳಗಿಳಿದಂತೆಯೇ. ಅತ್ತೆ ಫೋನು ಹುಡುಕುತ್ತಲೇ ಕೇಳಿದರು: “ಎಂದಿನಿಂದ ಬೀಳಾಕತ್ತದ?”

“ಹಾರಿಸಿದ ದಿನದಿಂದ್ರಿ.”

“ಇನ್ನಾ ಮುಟ್ಟಿಲ್ಲ?”

“ಮುಟ್ಟಂಗಿಲ್ರಿ. ಬರತಿರ್ತದ, ಬಾಜೂಕ ಹಾದು ಹೋಗತಿರ್ತದ.”

ಅತ್ತೆ ತಲೆಯೆತ್ತಿ ನನ್ನನ್ನೇ ದಿಟ್ಟಿಸಿದರು. “ಹಂಗಂದ್ರ ನಿಮ್ಮಂಗೇ ಅದ. ಲಗ್ನ ಆದಾಗಿಂದ ‘ಬಂದೆ ಅತ್ತಿ, ಬಂದೆ’ ಅಂತೀರಿ. ಊರಾಗ ಎಲ್ಲಾರ ಮನೀಗಿ ಡಿಶ್ ಹಚ್ಚಿ, ನಮ್ಮ ಬಾಗಲ ಮುಂದಿಂದ ಗಾಡಿ ಓಡಿಸ್ಕೊಂಡು ಹೋಗ್ತೀರಿ. ಒಂದಿನ ಒಳಗ ಬಂದು ಉಂಡಿಲ್ಲ. ಇದನ್ನ ಮೊದ್ಲೇ ಹೇಳಬಾರದೇನ್ರಿ? ಹಚ್ರಿ, ಹಚ್ರಿ. ಅದು ಬರಂಗಿಲ್ಲ.”

ಚಿತ್ರ ಕನ್ನಡಿಯಂತೆ ಬಂತು. ಅತ್ತೆ ಧಾರಾವಾಹಿಯ ಮುಂದೆ ಕುಳಿತೇ ನನಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು; ಪಕ್ಕದಲ್ಲಿ ಊರಿನ ಕೆಂಪು ಬಾಳೆಹಣ್ಣು. ಇವತ್ತು ಉಂಡೇ ಏಳಬೇಕು, ಅವರ ಮಾತನ್ನು ಸುಳ್ಳು ಮಾಡಬೇಕು ಎಂದು ರೊಟ್ಟಿ ಮುರಿದೆ. ಅಷ್ಟರಲ್ಲಿ ಫೋನು. ಶರಣಸಿರಸಗಿಯ ಗಿರಾಕಿ, ಮ್ಯಾಚ್ ಶುರುವಾಗುತ್ತದೆ, ಚಿತ್ರವಿಲ್ಲ.

“ಬಂದೆ ರೀ, ಬಂದೆ” ಎಂದೆ.

ಅತ್ತೆ ಟಿ.ವಿ.ಯಿಂದ ಕಣ್ಣು ತೆಗೆಯದೆ ಕೈಚಾಚಿ, ನನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು.