ಗಾಲಿ ಇಲ್ಲ, ಎಂಡ ಜಾಸ್ತಿ

ಪಾವಗಡದ ಕಡೆಯ ಬಿಸಿಲು ಯಾವ ಕೆಲಸಕ್ಕೂ ಬಾರದ್ದು, ಆ ಸೀಮೆಯ ಉದ್ಧಾರ ಏನಿದ್ದರೂ ಗಾಳಿಯಿಂದಲೇ ಎಂದು ಎಂಬತ್ತರ ದಶಕದಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ನನಗೆ ಸಂಬಳ ಬರುತ್ತಿದ್ದುದೇ ಆ ನಂಬಿಕೆಯಿಂದ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬೇರೆಲ್ಲೂ ಕೆಲಸ ಸಿಗದೆ, ಗಾಳಿ ಅಳೆಯುವ ಕೆಲಸಕ್ಕೆ ಸೇರಿದ್ದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ತಾಲ್ಲೂಕಿಗೆ ಒಂದೊಂದು ಕಂಬ. ಕಂಬದ ತುದಿಯಲ್ಲಿ ಮೂರು ಬಟ್ಟಲು. ಗಾಳಿಗೆ ಅವು ತಿರುಗಿದರೆ ಕೆಳಗಿನ ಪೆಟ್ಟಿಗೆಯಲ್ಲಿ ಅಂಕಿ ಏರುತ್ತದೆ. ಒಂದು ವರ್ಷ ಅಳೆದ ಮೇಲೆ ಯಾವ ಊರಿನ ಗಾಳಿ ಗೆಲ್ಲುತ್ತದೋ ಅಲ್ಲಿ ಕರೆಂಟು ತೆಗೆಯುವ ಗಾಳಿಯಂತ್ರ ನಿಲ್ಲಿಸುವುದು, ಮೊದಲ ತಂತಿಯನ್ನು ಆ ಊರಿಗೇ ಎಳೆಯುವುದು ಎಂದು ಬೆಂಗಳೂರಿನ ಕಚೇರಿ ತೀರ್ಮಾನಿಸಿತ್ತು. ಮೂರು ಕಡೆ ಕರೆಂಟು ಆಗಲೇ ಇತ್ತು. ಪಾವಗಡ ತಾಲ್ಲೂಕಿನ ತಿರುಮಣಿ ಹತ್ತಿರದ ಕುರಿ ಕಾಯುವವರ ಹಟ್ಟಿಗೆ ಮಾತ್ರ ಇರಲಿಲ್ಲ. ಗೆಲ್ಲುವ ಅಗತ್ಯವಿದ್ದದ್ದು ಅದೊಂದಕ್ಕೇ.

ಕಣ್ಣಿಗೆ ಕಾಣದ್ದನ್ನು ಅಳೆಯಲು ಹೊರಟವನಿಗೆ ಕಾಣಬಾರದ್ದೆಲ್ಲ ಕಾಣಿಸುತ್ತಿರುತ್ತದೆ. ಆ ವರ್ಷ ಪೂರ್ತಿ ಕಾಣಿಸಿತು.

೧. ಬಡವನಹಳ್ಳಿಯಲ್ಲಿ

ಮಧುಗಿರಿ ತಾಲ್ಲೂಕಿನ ಈ ಊರಲ್ಲಿ ಮೊದಲ ಕಂಬಕ್ಕೆ ಗುಂಡಿ ತೋಡುವಾಗ ಜನ ಸೇರಿದರು. ಇದೇನು ಎಂದು ಕೇಳಿದರು. ಸರಳವಾಗಿ ಹೇಳೋಣವೆಂದು "ಗಾಳಿ ಹಿಡಿಯೋದಕ್ಕೆ ಬಂದಿದೀವಿ" ಎಂದೆ. ವಿಶ್ವವಿದ್ಯಾಲಯದಲ್ಲಿ ಗಾಳಿ ಎಂದರೆ ಚಲಿಸುವ ವಾಯು. ಬಡವನಹಳ್ಳಿಯಲ್ಲಿ ಗಾಳಿ ಎಂದರೆ ಹುಣಸೆಮರದಿಂದ ಇಳಿದು ಮೈಮೇಲೆ ಬರುವಂಥದ್ದು.

ಮರುದಿನ ಬೆಳಿಗ್ಗೆ ಒಬ್ಬ ಮುದುಕಿ ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ಸೋಮೀ, ನಮ್ ಸೊಸೇಗೆ ಗಾಳಿ ಮೆಟ್ಕಂಡೈತೆ. ಒಸಿ ಹಿಡ್ದು ಬುಡ್ಸಿ."

"ಅಮ್ಮಾ, ನಾವು ಬಿಡಿಸೋರಲ್ಲ. ಬರೀ ಅಳೆಯೋರು."

ಮುದುಕಿ ಯೋಚಿಸಿದಳು. "ಹಂಗಾರೆ ಇವ್ಳಿಗೆ ಎಷ್ಟೈತೆ ಅಂತ ಅಳ್ದಾದ್ರೂ ಏಳಿ."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಸೊಸೆ ತಲೆಯೆತ್ತಿದಳು. "ಮೊದ್ಲು ನಮ್ಮತ್ತೇದು ಅಳೀರಿ ಸಾ. ನಿಮ್ ಪೆಟ್ಟಿಗೇಲಿ ಅಂಕಿ ಸಾಲ್ತವಾ ನೋಡಾನ."

೨. ಸಿರಾದ ಸೈಕಲ್ ಶಾಪಿನಲ್ಲಿ

ಬಡವನಹಳ್ಳಿಯ ಕಂಬ ತಿಂಗಳೊಳಗೆ ಕಿತ್ತುಬಂತು. ಹಿಡಿದ ಗಾಳಿಯನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿ, ಊರಿನ ಹಿರಿಯರೇ ನಿಂತು ಕೀಳಿಸಿದರು.

ಸಿರಾದಲ್ಲಿ ಎಚ್ಚರ ವಹಿಸಿದೆ. ಗಾಳಿ ಎಂಬ ಮಾತೇ ಬೇಡ, ಊರಿನವರ ಭಾಷೆಯಲ್ಲೇ ಕೇಳೋಣ ಎಂದು ಸೈಕಲ್ ಶಾಪಿನ ಸಾಬರಿಗೆ "ಇಲ್ಲಿ ಹವಾ ಹೇಗಿದೆ?" ಎಂದೆ.

"ಮುಂದಿನ್ ಚಕ್ರಕ್ಕಾ, ಹಿಂದಿನ್ ಚಕ್ರಕ್ಕಾ?" ಎಂದು ಅವರು ಪಂಪು ಎತ್ತಿಕೊಂಡರು.

ಆದರೂ ಪರಿಚಯ ಉಪಯೋಗಕ್ಕೆ ಬಂತು. ಮೂರು ತಿಂಗಳಿಗೆ ಅಲ್ಲಿಯ ಕಂಬದ ಬಟ್ಟಲುಗಳು ದೂಳು ತುಂಬಿ ಕಚ್ಚಿಕೊಂಡವು. ಬೆಂಗಳೂರಿಗೆ ಕಳಿಸಿದರೆ ವರ್ಷ ಮುಗಿಯುತ್ತದೆ. ಸಾಬರು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸೈಕಲ್ಲಿನ ಬೇರಿಂಗ್ ಗುಂಡು ಹಾಕಿ, ಗ್ರೀಸು ಮೆತ್ತಿ ಕೊಟ್ಟರು. ಮುಂದಿನ ವಾರ ಹೋಗಿ ನೋಡಿದರೆ ಸಿರಾದ ಗಾಳಿ ಮೂರು ಪಟ್ಟಾಗಿತ್ತು.

"ಏನು ಮಾಡಿದಿರಿ ಸಾಬರೇ?"

"ಫಸ್ಟ್ ಕ್ಲಾಸ್ ರಿಪೇರಿ ಸಾಬ್" ಎಂದರು ಅವರು ಹೆಮ್ಮೆಯಿಂದ. "ಒಂದು ದಫಾ ತಳ್ಳಿದ್ರೆ ಸಾಕು. ಇನ್ಮೇಲೆ ನಿಮ್ಗೆ ಗಾಳಿ ಬೇಕೇ ಇಲ್ಲ."

೩. ಸಿದ್ದರಬೆಟ್ಟದಲ್ಲಿ

ಸಿರಾದ ಅಂಕಿಗಳನ್ನು ಕಚೇರಿ ತಳ್ಳಿಹಾಕಿತು. ಉಳಿದದ್ದು ಎರಡು.

ಕೊರಟಗೆರೆಯ ಕಂಬ ಸಿದ್ದರಬೆಟ್ಟದ ಮೇಲಿತ್ತು. ಅಲ್ಲಿಯ ಗಾಳಿಗೆ ಒಂದು ವಿಶೇಷ ಗುಣ. ವಾರವಿಡೀ ಸಾಧಾರಣ, ಸೋಮವಾರ ಬಿರುಗಾಳಿ. ನಾನು ಓದಿದ ಯಾವ ಪುಸ್ತಕದಲ್ಲೂ ಹವಾಮಾನಕ್ಕೆ ವಾರದ ಲೆಕ್ಕ ಇರಲಿಲ್ಲ. ಒಂದು ಸೋಮವಾರ ಬೆಟ್ಟ ಹತ್ತಿದೆ. ಭಕ್ತರು ಕೋತಿಗಳಿಗೆ ಬಾಳೆಹಣ್ಣು ಕೊಡುತ್ತಿದ್ದರು. ಕೋತಿಗಳು ತಿಂದು, ಕಂಬ ಹತ್ತಿ, ಬಟ್ಟಲಲ್ಲಿ ಇನ್ನೇನಾದರೂ ಇದೆಯೇ ಎಂದು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದವು. ಯಾವುದರಲ್ಲೂ ಇರಲಿಲ್ಲ. ಆದರೂ ಅವು ನಂಬಿಕೆ ಬಿಟ್ಟಿರಲಿಲ್ಲ.

ಕಚೇರಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು.

"ತಮ್ಮ ಪತ್ರ ಪರಿಶೀಲಿಸಲಾಗಿದೆ. ಇನ್ನು ಮುಂದೆ ಕೋತಿಯ ಸರಾಸರಿ ವೇಗವನ್ನು ಪ್ರತ್ಯೇಕ ಕಾಲಂನಲ್ಲಿ ತೋರಿಸತಕ್ಕದ್ದು."

೪. ತಿರುಮಣಿಯಲ್ಲಿ

ಗಾಳಿಯನ್ನೂ ಕೋತಿಯನ್ನೂ ಬೇರ್ಪಡಿಸಲಾಗದೆ ಸಿದ್ದರಬೆಟ್ಟದ ಅಂಕಿಗಳೂ ಬಿದ್ದುಹೋದವು. ಹೀಗೆ ಕಣದಲ್ಲಿ ಉಳಿದದ್ದು ತಿರುಮಣಿಯ ಹಟ್ಟಿ ಒಂದೇ.

ಅಲ್ಲಿಯ ಕಂಬ ಕಾಯಲು ಹಟ್ಟಿಯ ಹಿರಿಯನೊಬ್ಬನನ್ನು ನೇಮಿಸಿದ್ದೆವು. ಮನೆಯಲ್ಲಿ ತೆಲುಗು, ನಾಲ್ಕನೇ ತರಗತಿಯವರೆಗೆ ಓದಿದ್ದು ಕನ್ನಡ. ತಂತಿ ಬರುವ ಮೊದಲೇ ಆತ ಪಾವಗಡದಿಂದ ಒಂದು ಬಲ್ಬು ತಂದು ಮನೆಯ ತೊಲೆಗೆ ನೇತುಹಾಕಿದ್ದ. ವಾರಕ್ಕೊಮ್ಮೆ ಅದನ್ನು ಪಂಚೆಯಲ್ಲಿ ಒರೆಸುತ್ತಿದ್ದ. ನಾನು ಹೋದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಸಾಮೀ, ಮನ ಗಾಲಿ ಪಾಸಾಯ್ತಾ?"

ತೆಲುಗಿನಲ್ಲಿ ಗಾಳಿಗೆ ಗಾಲಿ ಎನ್ನುತ್ತಾರೆ. ನಮ್ಮ ಗಾಳಿ ಪರೀಕ್ಷೆಯಲ್ಲಿ ಪಾಸಾಯಿತೇ ಎಂಬುದು ಆತನ ಚಿಂತೆ. ಇನ್ನೂ ರಿಸಲ್ಟ್ ಬಂದಿಲ್ಲ ಎನ್ನುತ್ತಿದ್ದೆ.

ಅಂಕಿಗಳನ್ನು ನಾನು ತಿಂಗಳಿಗೊಮ್ಮೆ ಬರೆದುಕೊಂಡು ಹೋಗುತ್ತಿದ್ದೆ. ಆತನ ಕೆಲಸ ಆ ದಿನದ ಹವೆ ಹೇಗಿತ್ತೆಂದು ದಿನಕ್ಕೊಂದು ಅಂಚೆ ಕಾರ್ಡು ಬರೆದು ನೇರ ಬೆಂಗಳೂರಿಗೆ ಹಾಕುವುದು. ಅದನ್ನು ಓದುತ್ತಿದ್ದ ಗುಮಾಸ್ತರು ಮಂಡ್ಯದವರು.

ವರ್ಷ ಮುಗಿಯಿತು. ಕೂಡಿ ಭಾಗಿಸಿ ನೋಡಿದೆ. ಹಟ್ಟಿಯ ಗಾಳಿ ಪಾಸಾಗಿತ್ತು. ವರದಿ ಹಿಡಿದು ಬೆಂಗಳೂರಿಗೆ ಹೋದರೆ ಕಚೇರಿಯ ಸಾಹೇಬರು ಒಂದು ಫೈಲು ನನ್ನ ಕಡೆ ತಳ್ಳಿದರು. ಮೇಲೆ ಬರೆದಿತ್ತು: "ತಿರುಮಣಿ ಕೇಂದ್ರದಲ್ಲಿ ಗಾಲಿ ಪದೇ ಪದೇ ಕಳುವಾಗುತ್ತಿರುವ ಬಗ್ಗೆ."

ಒಳಗೆ ಕಾರ್ಡುಗಳ ಕಟ್ಟು. "ಈ ದಿನ ಗಾಲಿ ಇಲ್ಲ. ಎಂಡ ಜಾಸ್ತಿ." "ಈ ದಿನ ಗಾಲಿ ಸ್ವಲ್ಪ. ಎಂಡ ಬಲೇ ಜಾಸ್ತಿ." ತೆಲುಗಿನಲ್ಲಿ ಎಂಡ ಎಂದರೆ ಬಿಸಿಲು. ಮಂಡ್ಯದಲ್ಲಿ ಎಂಡ ಎಂದರೆ ಹೆಂಡ, ಗಾಲಿ ಎಂದರೆ ಚಕ್ರ. ಕಾವಲುಗಾರ ಸರಕಾರದ ಚಕ್ರ ಮಾರಿ ಕುಡಿಯುತ್ತಿದ್ದಾನೆ, ಮಾರಿದ್ದನ್ನು ಪ್ರಾಮಾಣಿಕವಾಗಿ ಬರೆದೂ ತಿಳಿಸುತ್ತಿದ್ದಾನೆ ಎಂದು ಕಚೇರಿಗೆ ಖಚಿತವಾಗಿತ್ತು. ನಾನು ಸಿದ್ದರಬೆಟ್ಟದಲ್ಲಿ ಕೋತಿಗಳ ಹಿಂದೆ ಇದ್ದ ದಿನ ಒಬ್ಬ ಅಧಿಕಾರಿ ಜೀಪಿನಲ್ಲಿ ಹಟ್ಟಿಗೆ ಹೋಗಿ ವಿಚಾರಣೆಯನ್ನೂ ಮಾಡಿ ಬಂದಿದ್ದರು. ಹೇಳಿಕೆ ಟೈಪಾಗಿತ್ತು.

"ಗಾಲಿ ಯಾವಾಗಿನಿಂದ ಇಲ್ಲ?"

"ಶಿವರಾತ್ರಿ ಆದ್ಮ್ಯಾಕೆ ಸರಿಯಾಗಿಲ್ಲ ಸಾಮಿ."

"ಎಲ್ಲಿ ಹೋಯಿತು?"

"ಆಂಧ್ರದ ಕಡೆ ಹೋತು."

"ಹೋಗುವುದನ್ನು ನೋಡಿದೆಯಾ?"

"ನೋಡಾಕೆ ಆಗ್ತದಾ? ಮಕಕ್ಕೆ ಬಡೀತು, ಹೋತು."

"ಮುಖಕ್ಕೆ ಬಡಿಯಿತೇ! ಗಾಯವಾಯಿತೇ?"

"ಯಾತರ ಗಾಯ ಸಾಮಿ, ತಣ್ಣಗಿತ್ತು."

"ತೆಗೆದುಕೊಂಡು ಹೋದವರು ಯಾರು?"

"ಯಾರು ತಗಂಡೋಗ್ತಾರೆ? ತಾನೇ ಹೋಗ್ತದೆ. ಆಷಾಢಕ್ಕೆ ತಾನೇ ಬರ್ತದೆ. ನಮ್ ತಾತನ ಕಾಲದಿಂದ್ಲೂ ಇಂಗೇ."

"ಎಂಡದ ವಿಷಯ ಏನು?"

"ಅದಕ್ಕೇನು ಕಮ್ಮಿ ಇಲ್ಲ ಸಾಮಿ. ಬೆಳಿಗ್ಗೆ ಆರಕ್ಕೆ ಶುರು, ಸಂಜೆಗಂಟ."

"ನಿನಗೊಬ್ಬನಿಗೇನಾ?"

"ಇಡೀ ಹಟ್ಟಿಗೆ. ಹೆಂಗಸ್ರು, ಮಕ್ಕಳು, ಕುರಿ, ಎಲ್ಲಾರ್ಗೂ. ತಲೆ ಗಿರ್ರಂತದೆ. ತಾವೂ ಒಂದು ಗಂಟೆ ಇಲ್ಲೇ ಇರ್ರಿ, ಗೊತ್ತಾಗ್ತದೆ."

ಕೆಳಗೆ ಅಧಿಕಾರಿಯ ಷರಾ ಇತ್ತು: "ಕುರಿಗಳಿಗೂ ಕುಡಿಸುತ್ತಾರೆ. ನನಗೂ ಆಹ್ವಾನವಿತ್ತು. ಸ್ಥಳ ಅನರ್ಹ."

ನಾನು ಎರಡು ಭಾಷೆಯ ನಿಘಂಟು ತಂದು ಸಾಹೇಬರ ಮುಂದೆ ಬಿಡಿಸಿ ತೋರಿಸಿದೆ. ಅವರು ಪೂರ್ತಿ ಓದಿ, ಕಣ್ಣೀರು ಬರುವಷ್ಟು ನಕ್ಕು, ಗಾಳಿಯಂತ್ರ ಆಗಲೇ ಬೇರೆ ಜಿಲ್ಲೆಗೆ ಹೋಯಿತಲ್ಲಪ್ಪಾ ಎಂದರು.

ಹಟ್ಟಿಗೆ ನಾನೇ ಹೋಗಿ ಹೇಳಬೇಕಾಯಿತು. ಆತ ಬಲ್ಬು ಒರೆಸುತ್ತಿದ್ದ.

"ಫೇಲಾ ಸಾಮಿ?"

"ಗಾಳಿ ಪಾಸು. ಕಾರ್ಡು ಫೇಲು."

ವಿವರಿಸಿದೆ. ಆತ ಬಲ್ಬನ್ನು ಮತ್ತೆ ತೊಲೆಗೆ ಸಿಕ್ಕಿಸಿ, ಅಂಗಳದ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ.

"ಹೋಗ್ಲಿ ಬುಡಿ. ಎಂಡಕ್ಕೂ ಒಂದು ಪರೀಕ್ಷೆ ಇಡಿಸ್ರಿ ಸಾಮಿ. ಅದ್ರಾಗೆ ನಮ್ ಹಟ್ಟೀನೇ ಫಸ್ಟ್ ಕ್ಲಾಸು."

ಬಿಸಿಲಿನಿಂದ ಕರೆಂಟು ತೆಗೆಯುವುದು ಆಕಾಶದಲ್ಲಿ ಸುತ್ತುವ ಉಪಗ್ರಹಕ್ಕೆ ಸರಿ, ಹಟ್ಟಿಗೆ ಆಗುವ ಮಾತಲ್ಲ ಎಂದು ಎಂ.ಎಸ್ಸಿ. ಓದಿದ್ದ ನಾನು ಅರ್ಧ ಗಂಟೆ ನಿಂತು ತಿಳಿಯಹೇಳಿದೆ. ಆತ ಮರ್ಯಾದೆಗೆ ತಲೆಯಾಡಿಸಿದ.

ಈಗ ತಿರುಮಣಿಯ ಸುತ್ತಲಿನ ಹೊಲಗಳಲ್ಲಿ ಎಂಡದಿಂದಲೇ ಕರೆಂಟು ತೆಗೆಯುತ್ತಾರೆ.